ಕೊನೆಯ ಎಂಟು ಜೀಬಿ

ಈ ಕೆಲಸಕ್ಕೆ ಹೊಸದಾಗಿ ಬರುವವರು ನನ್ನನ್ನು ಮೊದಲು ಕೇಳುವುದು, ನೀವು ಯಾವ ಕೋರ್ಸ್ ಮಾಡಿದ್ದು ಎಂದು. ರೇಡಿಯೋ ರಿಪೇರಿ ಎಂದರೆ ನಗುತ್ತಾರೆ. ನಗಲಿ. ಶಿರಾಲಿಯ ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ಹತ್ತು ವರ್ಷ ರೇಡಿಯೋ, ಟೇಪ್ ರೆಕಾರ್ಡರ್ ಬಿಚ್ಚಿ ಜೋಡಿಸಿದವನು ನಾನು. ತೊಂಬತ್ತರ ದಶಕದ ಕೊನೆಯಲ್ಲಿ ಶಾನಭಾಗರು ಕುಮಟೆಯಲ್ಲಿ ಕಂಪ್ಯೂಟರ್ ಸರ್ವಿಸ್ ಸೆಂಟರ್ ತೆರೆದರು. "ನಾಯ್ಕಾ, ನಿನಗೆ ಸೋಲ್ಡರಿಂಗ್ ಬರ್ತದಲ್ಲ, ಅಷ್ಟು ಸಾಕು, ಬಾ" ಎಂದು ಕರೆದುಕೊಂಡರು. ಹಾಗೆ ಶುರುವಾದದ್ದು. ಆಮೇಲೆ ಯಾವ ವರ್ಷ ಸೀನಿಯರ್ ಆದೆ, ಯಾವ ವರ್ಷ ಹೆಡ್ ಆದೆ ಎಂಬುದರಿಂದ ನೀವು ಕಲಿಯುವಂಥದ್ದು ಏನೂ ಇಲ್ಲ. ನನ್ನ ತಪ್ಪುಗಳಿಂದ ಸ್ವಲ್ಪ ಇದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ವಾರದಲ್ಲಿ ಎರಡು ದಿನ ಕುಮಟೆ, ಎರಡು ದಿನ ಹೊನ್ನಾವರ, ಎರಡು ದಿನ ಭಟ್ಕಳ. ಸ್ಕ್ರೂಡ್ರೈವರ್ ಚೀಲ ಹೆಗಲಿಗೆ ಹಾಕಿ ಬಸ್ಸು ಹತ್ತಿದರೆ ನನ್ನ ಆಫೀಸು ಅದೇ. ನಾನು ಇಲ್ಲದ ದಿನ ಕೆಟ್ಟ ಹಾರ್ಡ್ ಡಿಸ್ಕುಗಳು ಬಸ್ ಕಂಡಕ್ಟರರ ಕೈಯಲ್ಲಿ ಪ್ರಯಾಣ ಮಾಡುತ್ತಿದ್ದವು. ಹಳೆ ಲುಂಗಿಯಲ್ಲಿ ಸುತ್ತಿ, ಮೇಲೆ "ಶಾನಭಾಗರಿಗೆ" ಎಂದು ಬರೆದು, ಡ್ರೈವರ್ ಸೀಟಿನ ಹಿಂದೆ ಇಟ್ಟರೆ ಕುಮಟೆ ಸ್ಟ್ಯಾಂಡಿನಲ್ಲಿ ಇಳಿಯುತ್ತಿತ್ತು. ಒಂದು ಡಿಸ್ಕೂ ಕಳೆದುಹೋಗಲಿಲ್ಲ. ಕಳೆದದ್ದೆಲ್ಲ ನಮ್ಮ ಕೈಗೆ ಬಂದ ಮೇಲೆ.

ಕರಾವಳಿಯ ಉಪ್ಪುಗಾಳಿಗೆ ಯಾವ ಯಂತ್ರವೂ ತಡೆಯುವುದಿಲ್ಲ. ಒಮ್ಮೆ ಮಾವಿನಕುರ್ವೆಯ ಮೀನು ವ್ಯಾಪಾರಿಯೊಬ್ಬರ ಕಂಪ್ಯೂಟರ್ ತೆರೆದರೆ ಒಳಗೆ ಕೆಂಪಿರುವೆ ಸಂಸಾರ ಹೂಡಿತ್ತು. ನಾನು ಇರುವೆ ಒರೆಸಿ ಪೌಡರ್ ಹಾಕಿ ಬಂದೆ. ವಾರ ಬಿಟ್ಟು ಅವರು ಫೋನ್ ಮಾಡಿ, "ಇರುವೆ ಹೋತು, ಕಂಪ್ಯೂಟರೂ ಹೋತು" ಎಂದರು. ಪೌಡರ್ ತಣಿಸುವ ಫ್ಯಾನಿನೊಳಗೆ ಸೇರಿತ್ತು. ಇಂಥವು ನೂರು ಇವೆ. ಆದರೆ ನಾನು ಹೇಳಬೇಕಾದದ್ದು ಬೇರೆ, ಡಿಸ್ಕಿನೊಳಗೆ ಜಾಗ ಅಡಗಿಸುವ ವಿದ್ಯೆಯ ಬಗ್ಗೆ.

ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಉಚಿತವಾಗಿ ಬಂದ ಸೀಡಿಯಿಂದ ಲಿನಕ್ಸ್ ಕಲಿತೆ. ಕಪ್ಪು ಪರದೆ, ಬಿಳಿ ಅಕ್ಷರ, ಟೈಪ್ ಮಾಡಿದ್ದಕ್ಕಷ್ಟೇ ಉತ್ತರ. ರೇಡಿಯೋದವನಿಗೆ ಅದು ಹಿಡಿಸಿತು. ಅದರಲ್ಲಿ ಎಚ್‌ಡಿಪಾರ್ಮ್ ಎಂಬ ಪುಟ್ಟ ಸಾಧನವಿದೆ. ಕಂಪ್ಯೂಟರ್ ಡಿಸ್ಕನ್ನು "ನಿನ್ನ ಅಳತೆ ಎಷ್ಟು" ಎಂದು ಕೇಳುತ್ತದೆ, ಡಿಸ್ಕ್ ಹೇಳಿದ್ದನ್ನೇ ನಂಬುತ್ತದೆ. ಈ ಸಾಧನದಿಂದ ಡಿಸ್ಕಿಗೆ ಸುಳ್ಳು ಹೇಳಲು ಕಲಿಸಬಹುದು. ಅಳತೆಯ ಸಂಖ್ಯೆಯನ್ನು ಇಳಿಸಿ, ಅದರ ಮೊದಲು ಒಂದು ‘ಪಿ’ ಅಕ್ಷರ ಸೇರಿಸಿ ಕೊಟ್ಟರೆ ಕರೆಂಟು ಹೋಗಿ ಬಂದರೂ ಡಿಸ್ಕ್ ಆ ಸಣ್ಣ ಅಳತೆಯನ್ನೇ ಹೇಳುತ್ತದೆ. ಉಳಿದ ಜಾಗ ಕೊನೆಯಲ್ಲಿ ಸುಮ್ಮನೆ ಕೂತಿರುತ್ತದೆ. ಫಾರ್ಮ್ಯಾಟ್ ಮಾಡಿದರೂ, ವೈರಸ್ ಹೊಕ್ಕರೂ ಅಲ್ಲಿಗೆ ಕೈ ತಾಗದು. ಮನೆಯ ಹಿಂಗೋಡೆಯ ಮುಂದೆ ಇನ್ನೊಂದು ಗೋಡೆ ಎಬ್ಬಿಸಿದ ಹಾಗೆ. ಬಾಡಿಗೆಯವರು ಮನೆ ಇಷ್ಟೇ ಎಂದುಕೊಂಡು ಸಂಸಾರ ಮಾಡುತ್ತಾರೆ.

ಹೊರಗಿನಿಂದ ಚುಚ್ಚುವ ಡಿಸ್ಕುಗಳಲ್ಲಿ ಒಂದು ತೊಡಕಿತ್ತು. ಆಗಿನ ಯುಎಸ್‌ಬಿ ಡಬ್ಬಿಗಳು ಇಂಥ ಆಜ್ಞೆಯನ್ನು ಒಳಗಿನ ಡಿಸ್ಕಿಗೆ ದಾಟಿಸುತ್ತಿರಲಿಲ್ಲ. ನಾಲ್ಕು ಸ್ಕ್ರೂ ಬಿಚ್ಚಿ, ಡಿಸ್ಕನ್ನು ಹೊರಗೆ ತೆಗೆದು, ಕಂಪ್ಯೂಟರಿನ ಒಳಗಿನ ಪಟ್ಟಿವೈರಿಗೆ ನೇರ ಜೋಡಿಸಬೇಕು. ಕೆಲಸ ಮುಗಿದ ಮೇಲೆ ಮತ್ತೆ ಡಬ್ಬಿಗೆ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ನಾನೂ ಕಂಡ ಕಂಡ ಡಿಸ್ಕಿಗೆಲ್ಲ ಗೋಡೆ ಕಟ್ಟುತ್ತಾ ಹೋದೆ.

ಹೊನ್ನಾವರದ ಕಾಲೇಜೊಂದರ ಲ್ಯಾಬಿನಲ್ಲಿ ಅದು ನಿಜಕ್ಕೂ ಉಪಯೋಗಕ್ಕೆ ಬಂತು. ವಿದ್ಯಾರ್ಥಿಗಳು ದಿನಕ್ಕೊಂದು ಕಂಪ್ಯೂಟರ್ ಮಲಗಿಸುತ್ತಿದ್ದರು. ಚೊಕ್ಕ ಯಂತ್ರದ ಪೂರ್ತಿ ಪ್ರತಿಯನ್ನು ಒಂದು ಡಿಸ್ಕಿನ ಅಡಗುಜಾಗದಲ್ಲಿ ಇಟ್ಟೆ. ಯಾರು ಏನು ಅಳಿಸಿದರೂ ಅರ್ಧ ಗಂಟೆಯಲ್ಲಿ ಮೊದಲಿನಂತೆ. ಪ್ರಿನ್ಸಿಪಾಲ್ ಮೇಡಂ ಖುಷಿಯಾಗಿ ತಮ್ಮ ಆಫೀಸಿಗೂ ಇಂಥದ್ದೊಂದು ಮಾಡಿಕೊಡಿ ಎಂದರು. ಅವರ ಆಫೀಸಿನ ಕಂಪ್ಯೂಟರಿಗೆ ಇನ್ನೊಂದು ಡಿಸ್ಕ್ ಜೋಡಿಸಿ ಕೂತೆ. ಲಿನಕ್ಸ್, ಯಂತ್ರದ ಸ್ವಂತ ಡಿಸ್ಕನ್ನು ‘ಎ’ ಎಂದೂ ಜೋಡಿಸಿದ್ದನ್ನು ‘ಬಿ’ ಎಂದೂ ಕರೆಯುತ್ತದೆ. ನಾನು ಮಾತಾಡುತ್ತಾ ‘ಬಿ’ ಬದಲು ‘ಎ’ ಒತ್ತಿದೆ. ಕಾಲೇಜಿನ ಪರೀಕ್ಷಾ ಪಟ್ಟಿಗಳೆಲ್ಲ ಇದ್ದ ಡಿಸ್ಕಿನ ಬಾಲ ಕಣ್ಣೆದುರೇ ಮಾಯವಾಯಿತು. ಹಳೆಯ ಸಂಖ್ಯೆ ಮತ್ತೆ ಕೊಟ್ಟೆ. ಡಿಸ್ಕ್ ಒಪ್ಪಲಿಲ್ಲ. ಮೂರು ಸಲ ಕೊಟ್ಟೆ. ಮೂರು ಸಲವೂ ಒಲ್ಲೆ ಎಂದಿತು. ಮೇಡಂ ಹಿಂದೆ ನಿಂತಿದ್ದರು. ಶಾನಭಾಗರಿಗೆ ಫೋನ್ ಮಾಡಿದೆ.

"ಬಂದ್ ಮಾಡು. ಚಾ ಕುಡಿ. ಮತ್ತೆ ಚಾಲೂ ಮಾಡು" ಎಂದರು.

ಹಾಗೇ ಮಾಡಿದೆ. ಡಿಸ್ಕ್ ಒಪ್ಪಿತು, ಪಟ್ಟಿಗಳು ಬಂದವು. ಆಮೇಲೆ ಓದಿ ತಿಳಿದುಕೊಂಡದ್ದು ಇಷ್ಟು: ಆ ಖಾಯಂ ಸಂಖ್ಯೆಯನ್ನು ಡಿಸ್ಕ್ ಒಮ್ಮೆ ಕರೆಂಟು ಕೊಟ್ಟರೆ ಒಂದೇ ಸಲ ತೆಗೆದುಕೊಳ್ಳುತ್ತದೆ. ಶಾನಭಾಗರಿಗೆ ಅದೇನೂ ಗೊತ್ತಿರಲಿಲ್ಲ. ಮಿಕ್ಸರಿನಿಂದ ಮಾನಿಟರಿನವರೆಗೆ ಅವರ ಮದ್ದು ಅದೊಂದೇ, ಚಾ. ಹತ್ತಕ್ಕೆ ಆರು ಸಲ ಗುಣವೂ ಆಗುತ್ತಿತ್ತು.

ಶಾನಭಾಗರ ಬಗ್ಗೆ ಎರಡು ಮಾತು ಹೇಳಬೇಕು. ದನಿ ಏರಿಸದ ಮನುಷ್ಯ. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದರೆ ಮೌನ. ಕಾಲೇಜಿನ ಗಡಿಬಿಡಿಯಾದ ಮರುದಿನ ಉದ್ದನೆಯ ರಟ್ಟಿನ ಪುಸ್ತಕವೊಂದನ್ನು ನನ್ನ ಮುಂದಿಟ್ಟರು. "ನೀ ಗೋಡೆ ಕಟ್ಟಿದ ಡಿಸ್ಕಿನದೆಲ್ಲ ಇದ್ರಲ್ಲಿ ಬರಿ. ನಾಳೆ ನೀ ಬಸ್ಸಿನಡಿ ಬಿದ್ರೆ ನಾ ಯಾರನ್ನ ಕೇಳೂದು?" ಡಿಸ್ಕಿನ ನಂಬರು, ನಿಜವಾದ ಅಳತೆ, ತೋರಿಸುವ ಅಳತೆ, ಅಡಗಿಸಿದ್ದು ಏನು, ಯಾರದು. ನಾವದಕ್ಕೆ ಜಾತಕ ಪುಸ್ತಕ ಎನ್ನುತ್ತಿದ್ದೆವು. ಮೊದಲ ಪುಟದಲ್ಲಿ ನಿಯಮವನ್ನು ನಾನೇ ನನ್ನ ಕೈಯಾರೆ ಬರೆದೆ. ಡಿಸ್ಕಿನ ಅಳತೆ ಕಡಿಮೆ ಕಂಡರೆ ಮೊದಲು ಪುಸ್ತಕ ನೋಡಬೇಕು. ಪುಸ್ತಕದಲ್ಲಿ ಇಲ್ಲದಿದ್ದರೆ ಅದು ದೋಷ. ಕಾಣುವ ಕಡತಗಳನ್ನು ಬೇರೆಡೆ ತೆಗೆದಿಟ್ಟು, ಡಿಸ್ಕನ್ನು ಪೂರ್ತಿ ಅಳತೆಗೆ ತಂದು, ಮೊದಲಿನಿಂದ ಕೊನೆಯವರೆಗೆ ಸೊನ್ನೆ ಬರೆಸಿ, ಎಂದರೆ ಇದ್ದದ್ದನ್ನೆಲ್ಲ ಅಳಿಸಿ, ಪರೀಕ್ಷಿಸಿ ಕೊಡಬೇಕು. ಒಳ್ಳೆಯ ನಿಯಮ. ಇವತ್ತಿಗೂ ಅದರಲ್ಲಿ ತಪ್ಪು ಹುಡುಕಲಾರೆ.

ಇನ್ನು ಜುಲೇಖಾ ಬೀಬಿಯ ಡಿಸ್ಕಿಗೆ ಬರುತ್ತೇನೆ.

ಭಟ್ಕಳದ ನಮ್ಮ ಬಾಡಿಗೆ ಕೋಣೆಗೆ ಅವರು ಬಂದದ್ದು ಒಂದು ಮಂಗಳವಾರ. ಐವತ್ತರ ಆಸುಪಾಸಿನ ಹೆಂಗಸು. ತರಕಾರಿ ಚೀಲದಲ್ಲಿ ಬಸಳೆಯ ಕೆಳಗೆ ಒಂದು ಹೊರಡಿಸ್ಕು, ಅದರ ಕೆಳಗೆ ಬಿಸ್ಕತ್ತಿನ ಡಬ್ಬಿ, ಡಬ್ಬಿಯಲ್ಲಿ ನಲವತ್ತಕ್ಕೂ ಹೆಚ್ಚು ಕ್ಯಾಸೆಟ್. ಹಳಬರಿಗೆ ಗೊತ್ತಿದೆ. ಆ ಕಾಲದಲ್ಲಿ ಕೊಲ್ಲಿಗೆ ಹೋದವರು ಕಾಗದ ಬರೆಯುವುದಕ್ಕಿಂತ ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಮನೆಯವರು ಅದನ್ನು ಕೇಳಿ, ಅದೇ ಥರ ಇನ್ನೊಂದರಲ್ಲಿ ಉತ್ತರ ತುಂಬಿ ಕಳಿಸುತ್ತಿದ್ದರು. ಬೀಬಿಯ ಗಂಡ ಹಾಗೆ ಮೂರು ವರ್ಷ ಮಾತಾಡಿ, ಅಲ್ಲೇ ತೀರಿಕೊಂಡು, ಅಲ್ಲೇ ಮಣ್ಣಾದವರು. ಆಗ ಒಬ್ಬನೇ ಮಗ ಇರ್ಫಾನ್‌ಗೆ ಮೂರು ವರ್ಷವೂ ತುಂಬಿರಲಿಲ್ಲ.

"ಬೂಷ್ಟು ಹಿಡ್ದದೆ ನಾಯ್ಕರೆ. ಇದನ್ನ ಡಿಸ್ಕಿಗೆ ಹಾಕುಕೆ ಆಗ್ತದಂತೆ ಅಲ್ವ? ಆದ್ರೆ ಈ ಡಿಸ್ಕು ಮನೆಯಲ್ಲಿ ಎಲ್ಲರೂ ಸಿನೆಮಾ ಹಾಕೂದು, ಅಳಿಸೂದು. ಇದು ಯಾರಿಗೂ ಕಾಣಬಾರ್ದು" ಎಂದರು. ಬಸಳೆಯನ್ನು ಬದಿಗೆ ಸರಿಸುತ್ತಾ, "ಮಗನಿಗೂ" ಎಂದು ಸೇರಿಸಿದರು. ಡಬ್ಬಿಯ ಮುಚ್ಚಳ ಒತ್ತಿ ಹಾಕಿ, "ಅವರು ನನ್ನ ಹತ್ರ ಆಡಿದ ಮಾತು ಅದು. ನೀವೂ ಕೇಳುಕೆ ಆಗ" ಎಂದರು.

ಟೇಪನ್ನು ಕೇಳದೆ ಡಿಸ್ಕಿಗೆ ಇಳಿಸುವುದು ಹೇಗೆ? ಸ್ಪೀಕರ್ ವೈರು ಕಿತ್ತಿಟ್ಟು, ಪರದೆಯ ಮೇಲೆ ದನಿಯ ಗೆರೆ ಏಳುವುದು ಬೀಳುವುದು ನೋಡುತ್ತಾ ಒಂದೊಂದೇ ಇಳಿಸಿದೆ. ಮನುಷ್ಯ ನಗುವಾಗ ಗೆರೆ ಹೇಗೆ ಕುಣಿಯುತ್ತದೆ ಎಂಬುದು ಆಗ ತಿಳಿಯಿತು. ಏನಕ್ಕೆ ನಕ್ಕದ್ದು ಎಂದು ತಿಳಿಯಲಿಲ್ಲ. ಹಲವು ಟೇಪು ಒಂದೇ ಓಟಕ್ಕೆ ತುಂಡಾದವು. ಕೆಲಸ ಮುಗಿದ ಮೇಲೆ ಬೀಬಿ ಅವನ್ನೆಲ್ಲ ತೆಗೆದುಕೊಂಡು ಹೋಗಿ ಬಚ್ಚಲೊಲೆಗೆ ಹಾಕಿದರು. ನೂರ ಅರವತ್ತರ ಡಿಸ್ಕಿನ ಕೊನೆಯಲ್ಲಿ ಎಂಟು ಜೀಬಿ ಅಡಗಿಸಿ, ಅದರಲ್ಲಿ ಅಂಚಿನವರೆಗೂ ಆ ದನಿ ತುಂಬಿಸಿದೆ.

ಇನ್ನೊಂದು ಪ್ರತಿ ಯಾಕೆ ಇಟ್ಟುಕೊಳ್ಳಲಿಲ್ಲ ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. ಬೀಬಿ "ಒಂದೇ ಇರ್ಲಿ" ಎಂದರು, ನಾನು ಹೂಂ ಎಂದೆ. ಪುಸ್ತಕದಲ್ಲಿ ಯಾಕೆ ಬರೆಯಲಿಲ್ಲ? ಯಾರಿಗೂ ಗೊತ್ತಾಗಬಾರದು ಎಂದಿದ್ದರು, ಪುಸ್ತಕ ನಾಲ್ಕು ಜನ ತೆರೆಯುವಂಥದ್ದು. ಮಾತು ಕೊಟ್ಟ ಮೇಲೆ ಮುಗಿಯಿತು ಎಂದು ಬೀಗುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಗುಟ್ಟು ನನ್ನೊಬ್ಬನ ಹತ್ತಿರ ಇದೆ ಎಂಬುದು ನನಗೆ ಹಿತವಾಗಿತ್ತು.

ಮೂರು ತಿಂಗಳಿಗೊಮ್ಮೆ ಬೀಬಿ ಬರುತ್ತಿದ್ದರು. ಮನೆಯಲ್ಲಿ ಹೇಳುವುದು ವೈರಸ್ ತೆಗೆಸಲು ಎಂದು. ನಾನು ನಾಲ್ಕು ಸ್ಕ್ರೂ ಬಿಚ್ಚಿ, ಗೋಡೆ ಸರಿಸಿ, ಹೆಡ್‌ಫೋನ್ ಕೊಟ್ಟು ಹೊರಗಿನ ಬೆಂಚಿಗೆ ಬಂದು ಕೂರುತ್ತಿದ್ದೆ. ಒಂದು ಗಂಟೆ, ಕೆಲವೊಮ್ಮೆ ಎರಡು. ಒಳಗಿನಿಂದ "ಆತು ನಾಯ್ಕರೆ" ಎಂದಾಗ ಹೋಗಿ, ಬಂದ್ ಮಾಡಿ, ಮತ್ತೆ ಚಾಲೂ ಮಾಡಿ, ಗೋಡೆ ಕಟ್ಟಿ, ಸ್ಕ್ರೂ ಬಿಗಿಯುತ್ತಿದ್ದೆ. ಅವರ ಮುಖ ನೋಡುತ್ತಿರಲಿಲ್ಲ. ಹೀಗೆ ಮೂರು ವರ್ಷ ನಡೆಯಿತು.

ಈ ನಡುವೆ ಎಚ್ಚರಿಕೆಯ ಗಂಟೆ ಒಂದು ಸಲ ಬಾರಿಸಿತ್ತು. ಹೊಸ ಲಿನಕ್ಸ್ ಸೀಡಿಯೊಂದನ್ನು ಹಾಕಿ ಕಾಲೇಜಿನ ಡಿಸ್ಕನ್ನು ನೇರ ಜೋಡಿಸಿದರೆ, ನಾನು ಏನೂ ಟೈಪ್ ಮಾಡದೆಯೇ ಪೂರ್ತಿ ಅಳತೆ ತೋರಿಸಿತು. ಆ ಆವೃತ್ತಿ ಅಡಗುಜಾಗ ಕಂಡರೆ ತಾನಾಗಿಯೇ ತೆರೆದುಬಿಡುತ್ತಿತ್ತು. ಅಡಗಿಸುವುದು ಬೇರೆ, ಬೀಗ ಹಾಕುವುದು ಬೇರೆ ಎಂದು ಆ ದಿನ ಅರ್ಥವಾಯಿತು. ಶಾನಭಾಗರಿಗೆ ಹೇಳಿದೆ, ಕಾಲೇಜಿನ ಡಿಸ್ಕಿಗೆ ಎರಡನೇ ಪ್ರತಿ ಮಾಡಿಸಿದೆವು, ಪುಸ್ತಕದಲ್ಲಿ ಬರೆದೆವು. ಬೀಬಿಯ ಡಿಸ್ಕ್ ಮಾತ್ರ ನನ್ನ ಸೀಡಿಯಿಂದಷ್ಟೇ ತೆರೆಯುವುದು ಎಂದು ಸುಮ್ಮನಿದ್ದೆ.

ಆಗ ಇರ್ಫಾನ್‌ಗೆ ಇಪ್ಪತ್ತಾರು. ಮನೆಯ ಆ ಡಿಸ್ಕನ್ನು ಕೊಂಡವನು ಅವನೇ, ಅದೇ ದಿನ, ಅದೇ ಅಂಗಡಿಯಲ್ಲಿ ಅವನ ಗೆಳೆಯನೂ ಅದೇ ಥರದ್ದು ಕೊಂಡಿದ್ದ. ಒಂದು ದಿನ ಎರಡನ್ನೂ ಪಕ್ಕಪಕ್ಕ ಚುಚ್ಚಿದಾಗ ಗೆಳೆಯನದು ನೂರ ಅರವತ್ತರ ಡಿಸ್ಕುಗಳೆಲ್ಲ ತೋರಿಸುವ ಹಾಗೆ ನೂರ ನಲವತ್ತೊಂಬತ್ತು ತೋರಿಸಿತು, ಇವನದು ನೂರ ನಲವತ್ತೊಂದು. ಬೀಬಿ ಹೆಬಳೆಯಲ್ಲಿರುವ ತಂಗಿಯ ಮನೆಗೆ ಹೋಗಿದ್ದರು. ನಾನು ಆ ದಿನ ಭಟ್ಕಳದಲ್ಲಿ ಇರಲಿಲ್ಲ. ಚುರುಕು ಹುಡುಗ. ಕುಮಟೆಗೆ ಬೇರೇನೋ ಕೆಲಸಕ್ಕೆ ಹೋಗುವವನು ಡಿಸ್ಕನ್ನು ಶಾನಭಾಗರ ಕೈಗೇ ಕೊಟ್ಟು ಹೋದ.

ನಾನು ಶಿರಾಲಿಯಿಂದ ಹೊನ್ನಾವರಕ್ಕೆ ಬಸ್ಸಿನಲ್ಲಿದ್ದೆ. ಶರಾವತಿ ಸೇತುವೆಯ ಮೇಲೆ ಫೋನ್ ಬಂತು. ಶಾನಭಾಗರು ಯಾವುದೋ ಕೇಬಲ್ ಎಲ್ಲಿದೆ ಎಂದು ಕೇಳಿದರು. ಹೇಳಿದೆ. ಇಡುವ ಮೊದಲು, "ಭಟ್ಕಳದ ಒಂದು ಡಿಸ್ಕು ಬಂದದೆ ಮಾರಾಯಾ. ನೂರ ಅರವತ್ತರದ್ದು, ನೂರ ನಲವತ್ತೊಂದು ತೋರಿಸ್ತಿತ್ತು. ಪುಸ್ತಕ ನೋಡ್ದೆ, ಇಲ್ಲ. ಪೂರ್ತಿಗೆ ತಂದು ಸೊನ್ನೆ ಬರೆಸ್ತಾ ಇದ್ದೇನೆ, ಇನ್ನೇನು ಮುಗೀತು" ಎಂದರು.

"ವೈರು ಕೀಳಿ!" ಎಂದು ಕೂಗಿದೆ. ಇಡೀ ಬಸ್ಸು ತಿರುಗಿ ನೋಡಿತು.

"ಎಂತ?"

"ಕರೆಂಟಿನ ವೈರು ಕೀಳಿ!"

"ಎಂತಕ್ಕೆ? ಪುಸ್ತಕದಲ್ಲಿ ಇಲ್ಲ ಅಲ್ಲ?"

ಸೇತುವೆಯ ಮೇಲೆ ಸಿಗ್ನಲ್ ಹೋಗುತ್ತಾ ಬರುತ್ತಾ ಇತ್ತು. ಅವರು ವೈರು ಕಿತ್ತದ್ದು ಎಷ್ಟು ಕ್ಷಣದ ಮೇಲೋ ಗೊತ್ತಿಲ್ಲ. ಸೊನ್ನೆ ಬರೆಯುವುದು ಡಿಸ್ಕಿನ ಮೊದಲಿನಿಂದ. ಅಡಗಿಸಿದ್ದು ಕೊನೆಯಲ್ಲಿ. ಹೆಚ್ಚುಕಡಿಮೆ ಕೊನೆಯನ್ನೇ ಮುಟ್ಟಿಬಿಟ್ಟಿತ್ತು.

ಕುಮಟೆಗೆ ಹೋಗಿ ಎಲ್ಲ ಹೇಳಿದೆ. ಶಾನಭಾಗರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೆಸರು ಬರೀಬೇಡ ಮಾರಾಯಾ. ಎಂತ ಇದೆ ಅಂತಲೂ ಬರೀಬೇಡ. ನಂಬರು ಬರ್ದು ‘ಮುಟ್ಟಬೇಡಿ’ ಅಂತ ಒಂದು ಮಾತು ಬರೀಬಹುದಿತ್ತಲ್ಲ" ಎಂದರು. ಅಷ್ಟೇ. ಅದು ನನಗೆ ಮೂರು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತಿಗೆ ನನಗೆ ಅಳು ಬಂತು. ಮರೆಮಾಚುವುದಿಲ್ಲ, ಅತ್ತೆ.

ಎರಡು ದಿನ ಇಬ್ಬರೂ ಕೂತೆವು. ಕಡತಗಳ ಪಟ್ಟಿ ಹೋಗಿತ್ತು. ದನಿಯ ಕಡತದ ಗುರುತುಗಳನ್ನು ಹುಡುಕುವ ಲಿನಕ್ಸ್ ಸಾಧನದಿಂದ ಡಿಸ್ಕಿನ ಕೊನೆಯ ಅಂಚನ್ನು ಸೋಸಿದೆವು. ಒಂದೇ ಒಂದು ತುಂಡು ಸಿಕ್ಕಿತು. ಆಗಲೂ ಸ್ಪೀಕರ್ ಹಚ್ಚದೆ, ಗೆರೆ ಮಾತ್ರ ನೋಡಿ, ದನಿ ಇದೆ ಎಂದು ಖಾತ್ರಿ ಮಾಡಿಕೊಂಡೆ. ಹನ್ನೊಂದು ನಿಮಿಷ.

"ನಾನೂ ಬತ್ತೆ, ಸೊನ್ನೆ ಬರೆಸಿದ್ದು ನನ್ನ ಕೈ" ಎಂದು ಶಾನಭಾಗರು ಹೊರಟರು. ಬೇಡ ಎಂದೆ. ತಪ್ಪು ಪುಸ್ತಕ ನೋಡಿದವರದ್ದಲ್ಲ.

ಭಟ್ಕಳದ ಅವರ ಮನೆಯಲ್ಲಿ ಬೀಬಿಯೂ ಇರ್ಫಾನನೂ ಇದ್ದರು. ಮಗ ಡಿಸ್ಕ್ ಕೊಟ್ಟ ವಿಷಯ ತಿಳಿದಾಗಿನಿಂದ ಬೀಬಿ ಊಟ ಬಿಟ್ಟಂತಿತ್ತು, ಮುಖ ಒಣಗಿತ್ತು. ಮಗನ ಎದುರು ಹೇಗೆ ಹೇಳುವುದೆಂದು ನಾನು ಬಾಗಿಲಲ್ಲೇ ನಿಂತೆ. ನನ್ನ ಮುಖ ನೋಡಿ ಅವರೇ ಕೇಳಿದರು, "ಎಷ್ಟು ಉಳೀತು?"

"ಹನ್ನೊಂದು ನಿಮಿಷ."

ಅವರು ಕುರ್ಚಿಯ ಕೈ ಹಿಡಿದುಕೊಂಡು ಕೂತರು. "ಎಲ್ಲಾದರೂ ಬರ್ದಿಟ್ಟಿರ್ಲಿಲ್ವ ನೀವು?"

"ನೀವೇ ಬೇಡ ಅಂದಿದ್ರಿ" ಎಂದುಬಿಟ್ಟೆ. ನನ್ನ ಬಾಯಿಂದ ಬಂದ ಮಾತುಗಳಲ್ಲಿ ಇವತ್ತಿಗೂ ನಾಚಿಕೆ ಹುಟ್ಟಿಸುವಂಥದ್ದು ಅದು. ತಪ್ಪು ನನ್ನದು ಎಂದು ಆಮೇಲೆ ಹೇಳಿದೆ. ಮೊದಲೇ ಹೇಳಬೇಕಿತ್ತು.

"ಎಂತ ಹನ್ನೊಂದು ನಿಮಿಷ? ಯಾರದ್ದು?" ಎಂದ ಇರ್ಫಾನ್.

ನನ್ನ ಲ್ಯಾಪ್‌ಟಾಪ್ ತೆರೆದು ಹೆಡ್‌ಫೋನ್ ಕೊಟ್ಟು, ವಾಡಿಕೆಯಂತೆ ಹೊರಗೆ ಹೋಗಲು ಎದ್ದೆ. ಬೀಬಿ ಕೈ ಸನ್ನೆಯಲ್ಲೇ ಕೂರಲು ಹೇಳಿದರು. ಹನ್ನೊಂದು ನಿಮಿಷವನ್ನೂ ಕಣ್ಣು ಮುಚ್ಚಿ ಕೇಳಿದರು. ಮಗ ತಾಯಿಯ ಮುಖ ನೋಡುತ್ತಾ ನಿಂತಿದ್ದ. ಮುಗಿದ ಮೇಲೆ ಅವರು ಹೆಡ್‌ಫೋನ್ ತೆಗೆದು, ಅದರ ಪಿನ್ನನ್ನು ತಾವೇ ಲ್ಯಾಪ್‌ಟಾಪಿನಿಂದ ಕಿತ್ತರು.

"ಇನ್ನೊಂದು ಸಲ ಹಾಕಿ. ಅವನೂ ಕೇಳ್ಲಿ. ನೀವೂ ಕೇಳಿ" ಎಂದರು.

ಅಲ್ಲಿಯವರೆಗೆ ಗೆರೆಯಾಗಿಯಷ್ಟೇ ಕಂಡಿದ್ದ ಮನುಷ್ಯನ ದನಿ ಆಗ ಕೇಳಿದೆ. ತೆಳು ದನಿ, ನಡುನಡುವೆ ಕೆಮ್ಮು. ಅವರ ಮನೆಮಾತು ನವಾಯತಿ ನನಗೆ ತಕ್ಕಮಟ್ಟಿಗೆ ತಿಳಿಯುತ್ತದೆ. ಅಲ್ಲಿನ ಅಕ್ಕಿ ಬೇಯುವುದಿಲ್ಲ ಎಂದರು. ಪಕ್ಕದ ಮಂಚದವನ ಗೊರಕೆಯ ಬಗ್ಗೆ ದೂರಿದರು. ಬೀಬಿಯನ್ನು ಒಂದು ಹೆಸರಿನಿಂದ ಕರೆದರು, ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಇರ್ಫಾನ್ ಲ್ಯಾಪ್‌ಟಾಪಿನ ಹತ್ತಿರ ಹತ್ತಿರ ಬಂದು ನೆಲದ ಮೇಲೆ ಕೂತ. ಅಪ್ಪನ ದನಿ ಹೀಗಿತ್ತೆಂದು ಅವನಿಗೆ ಯಾರೂ ಹೇಳಿರಲಿಲ್ಲ, ಹೇಳಿ ತಿಳಿಯುವಂಥದ್ದೂ ಅಲ್ಲ.

ಕೊನೆಗೆ ಬರುವಾಗ ದನಿ ಸ್ವಲ್ಪ ಜೋರಾಯಿತು. ಮಗು ಅಲ್ಲೇ ಇದ್ದರೆ ಟೇಪಿನ ಹತ್ತಿರ ಕರೆದುಕೊಂಡು ಬಾ ಎಂದರು. ಆಮೇಲೆ, ಎಳೆಯ ಮಗುವಿನ ಹತ್ತಿರ ಆಡುವ ದನಿಯಲ್ಲಿ, "ಇರ್ಫಾನ್, ಊಟ ಆಯ್ತಾ?" ಎಂದು ಕೇಳಿದರು.

ಕ್ಯಾಸೆಟ್ಟಿನಲ್ಲಿ ಮಾತಾಡುವವರೆಲ್ಲ ಹಾಗೇ. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಸ್ವಲ್ಪ ಜಾಗ ಬಿಡುತ್ತಾರೆ. ಅಲ್ಲಿನ ಫ್ಯಾನು ತಿರುಗುವ ಸದ್ದು ಮಾತ್ರ ಬರುತ್ತಿತ್ತು. ಬೀಬಿ ಮಗನ ತಲೆಯ ಮೇಲೆ ಕೈಯಿಟ್ಟರು.

"ಆಯ್ತು, ಅಬ್ಬಾ" ಎಂದ ಇರ್ಫಾನ್.